ಹಿಂದಿನ ಬೆಂಚಿನ ಸಿದ್ದಪ್ಪಾಜಿ

ತಿಂಗಳ ಮೊದಲ ಭಾನುವಾರ ನಮ್ಮ ಚರ್ಚಿನ ಸಭೆಯಲ್ಲಿ ಪ್ರಭುಭೋಜನ, ಯೇಸುವಿನ ಕಡೆಯ ಊಟದ ನೆನಪು. ಅದಕ್ಕೆ ರೊಟ್ಟಿ ಕತ್ತರಿಸುವುದು, ದ್ರಾಕ್ಷಾರಸ ಸೋಸಿ ಪುಟ್ಟ ಲೋಟಗಳಿಗೆ ತುಂಬುವುದು ನನ್ನ ಕೆಲಸ. ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ನಾನೇ ಕೇಳಿ ಪಡೆದುಕೊಂಡ ಕೆಲಸ ಅದು. ಬೆರಳ ತುದಿಯಷ್ಟು ಚೂರುಗಳು. ಆದರೂ ಯಾರಾದರೂ ಅದನ್ನು ಬೇಡವೆಂದರೆ ನನಗೆ ಮೈ ಉರಿಯುತ್ತದೆ. ಸಿದ್ದಪ್ಪಾಜಿ ವರ್ಷಗಟ್ಟಲೆ ಬೇಡವೆಂದುಕೊಂಡೇ ಹಿಂದಿನ ಬೆಂಚಿನಲ್ಲಿ ಕೂತಿದ್ದಾನೆ.

ರೊಟ್ಟಿ ಹಂಚುವ ಮೊದಲು ನಮ್ಮ ಪಾದ್ರಿ ಅಯ್ಯನವರು ಒಂದು ಮಾತು ಹೇಳುತ್ತಾರೆ. ನೆರೆಯವರೊಂದಿಗೆ ಸಮಾಧಾನವಾಗಿರುವವರು ಹತ್ತಿರ ಬನ್ನಿ, ಯಾರಿಗಾದರೂ ತಪ್ಪು ಮಾಡಿದ್ದರೆ ಮೊದಲು ಹೋಗಿ ಅದನ್ನು ಸರಿಮಾಡಿಕೊಂಡು ಬನ್ನಿ ಎಂದು. ಆ ಮಾತು ಬಂದಾಗ ನಮ್ಮವರು ಗಂಟಲು ಸರಿಮಾಡಿಕೊಳ್ಳುತ್ತಾರೆ, ಸೆರಗು ಸರಿಮಾಡಿಕೊಳ್ಳುತ್ತಾರೆ. ಸೈಟಿನ ಜಗಳಕ್ಕೆ ಕೋರ್ಟು ಹತ್ತಿದ ಅಣ್ಣತಮ್ಮಂದಿರು ಒಂದೇ ಸಾಲಿನಲ್ಲಿ ಮೊಣಕಾಲೂರಿ, ಒಬ್ಬರ ಮುಖ ಇನ್ನೊಬ್ಬರು ನೋಡದೆ ರೊಟ್ಟಿ ತಿಂದು ಬಾಯಿ ಒರೆಸಿಕೊಂಡು ಬರುತ್ತಾರೆ. ಆ ಮಾತನ್ನು ಇದ್ದದ್ದು ಇದ್ದ ಹಾಗೇ ನಂಬಿದವನು ಇಡೀ ಸಭೆಯಲ್ಲಿ ಇವನೊಬ್ಬನೇ. ಏಕೆಂದರೆ ಇವನು ಒಬ್ಬ ಮನುಷ್ಯನ ಬಲಗೈ ಕಡಿದಿದ್ದ.

ಆಗ ಅವನು ಮೈಸೂರಿನಲ್ಲಿ ಬಾಡಿಗೆಗೆ ಹೊಡೆದಾಡುವವರ ಪೈಕಿ ಒಬ್ಬ. ಕಬ್ಬಿಣದಂಥ ರಟ್ಟೆ, ಅದರ ಮೇಲೊಂದು ಖಾಲಿ ತಲೆ. ಆಯುಧಪೂಜೆಯ ಹಿಂದಿನ ದಿನ ದೇವರಾಜ ಮಾರುಕಟ್ಟೆಯ ಬಳಿ ಹೂವಿನ ಮೂಟೆ ಇಳಿಸುವ ಜಾಗಕ್ಕೆ ಇಬ್ಬರು ವ್ಯಾಪಾರಿಗಳಿಗೆ ಜಗಳವಾಯಿತು. ಒಬ್ಬ ಇವನನ್ನು ಕರೆಸಿ, ಎದುರಾಳಿ ನಾಗೇಂದ್ರನಿಗೆ ಬುದ್ಧಿ ಕಲಿಸಿ ಬಾ ಎಂದ. ಇವನು ಮಚ್ಚು ಬೀಸಿದ್ದು ತಲೆಗೆ. ನಾಗೇಂದ್ರ ಕೈ ಅಡ್ಡ ತಂದ. ಮುಂಗೈ ತುಂಡಾಗಿ ಸೇವಂತಿಗೆ ಮೂಟೆಯ ಮೇಲೆ ಬಿತ್ತು. ಇವನೇ ನನಗೆ ಹೇಳಿದ್ದು, ಯಾವ ಅಲಂಕಾರವೂ ಇಲ್ಲದೆ.

"ಕೈ ಬಿದ್ಮೇಲೂ ಇನ್ನೊಂದ್ ಏಟು ಆಕಕ್ಕೆ ಓದೆ ಸಿಸ್ಟರ್. ಯಾರೋ ಇಂದ್ಗಡೆಯಿಂದ ಇಡ್ಕಂಡ್ರು. ಇಡ್ಕಳ್ದೆ ಇದ್ದಿದ್ರೆ ಕೊಂದ್ಬುಡ್ತಿದ್ದೆ."

ನಾಗೇಂದ್ರ ಹಾರ ಕಟ್ಟುವುದರಲ್ಲಿ ಪಳಗಿದ ಕೈ. ಮದುವೆಯಾಗಿ ಆರು ತಿಂಗಳೂ ಆಗಿರಲಿಲ್ಲ. ಅಂದಿನಿಂದ ಅವನು ಎಡಗೈಯಲ್ಲಿ ಬಿಡಿ ಹೂ ಅಳೆದು ಕೊಡುತ್ತಾನೆ.

ಸಿದ್ದಪ್ಪಾಜಿಗೆ ಜೈಲಾಯಿತು. ನಾವು ಸಭೆಯ ಕೆಲವರು ಭಾನುವಾರ ಮಧ್ಯಾಹ್ನ ಜೈಲಿಗೆ ಹೋಗಿ ಹಾಡಿ, ಪ್ರಾರ್ಥನೆ ಮಾಡಿ, ಬನ್ನು ಹಂಚಿ ಬರುತ್ತಿದ್ದೆವು. ಇವನು ಬರುತ್ತಿದ್ದುದು ಬನ್ನಿಗೆ, ಸುಳ್ಳು ಯಾಕೆ ಹೇಳಲಿ. ಒಂದು ದಿನ ಬನ್ನು ತಿನ್ನದೆ ಕೈಯಲ್ಲೇ ಹಿಡಿದುಕೊಂಡು ಅಳುತ್ತಾ ಕೂತ. ಬಿಡುಗಡೆಯಾದ ಮೇಲೆ ನೇರ ನಮ್ಮ ಸಭೆಗೆ ಬಂದು ದೀಕ್ಷಾಸ್ನಾನ ಮಾಡಿಸಿಕೊಂಡ. ಹೊಸ ಹೆಸರು ಇಟ್ಟುಕೊಳ್ಳಯ್ಯಾ ಎಂದರು ಅಯ್ಯನವರು. "ನಮ್ಮವ್ವ ಮಾದೇವಮ್ಮ ಅರಕೆ ಒತ್ಕಂಡು ಇಟ್ಟಿದ್ ಎಸ್ರು ಇದು. ಅವ್ಳು ನಾನು ಜೈಲಲ್ಲಿದ್ದಾಗ್ಲೇ ಓಗ್ಬುಟ್ಲು. ಎಸ್ರಾದ್ರೂ ಇರ್ಲಿ ಬುಡಿ" ಎಂದ. ಅವರು ಬಿಟ್ಟರು.

ರಾಮಕೃಷ್ಣನಗರದಲ್ಲಿ ಪಂಕ್ಚರ್ ಅಂಗಡಿ ಹಾಕಿಕೊಂಡ. ಎಳನೀರು ಮಾರು, ಒಳ್ಳೆ ವ್ಯಾಪಾರ ಎಂದು ಯಾರೋ ಹೇಳಿದ್ದಕ್ಕೆ, ಇನ್ನು ಮಚ್ಚು ಮುಟ್ಟುವುದಿಲ್ಲ ಎಂದನಂತೆ.

ಮೊದಲ ಸಲ ಪ್ರಭುಭೋಜನದ ಆ ಮಾತು ಕಿವಿಗೆ ಬಿದ್ದಾಗ, ಎದ್ದು ನಿಂತಿದ್ದವನು ಹಾಗೇ ಕೂತುಬಿಟ್ಟ. ನಾಗೇಂದ್ರ ಕ್ಷಮಿಸುವ ತನಕ ರೊಟ್ಟಿ ಮುಟ್ಟುವುದಿಲ್ಲ ಎಂದ. ಮುಟ್ಟಬೇಕೆಂಬ ಆಸೆ ಮಾತ್ರ ಎಷ್ಟಿತ್ತೆಂದರೆ, ಮುಂದೆ ಮೊಣಕಾಲೂರಿದವರ ಬಳಿ ತಟ್ಟೆ ಹಾದು ಹೋಗುವಾಗ ಅವನ ಗಂಟಲು ಅಲುಗುವುದು ನನಗೆ ದೂರದಿಂದಲೇ ಕಾಣುತ್ತಿತ್ತು.

ಆ ವರ್ಷದ ಶುಭ ಶುಕ್ರವಾರ, ಯೇಸು ಶಿಲುಬೆಗೇರಿದ ದಿನ, ಮಧ್ಯಾಹ್ನದ ದೀರ್ಘ ಆರಾಧನೆ ಮುಗಿದದ್ದೇ ತಡ, ಬಿಳಿ ಅಂಗಿಯಲ್ಲೇ ವಿದ್ಯಾರಣ್ಯಪುರಂನಲ್ಲಿದ್ದ ನಾಗೇಂದ್ರನ ಮನೆಗೆ ಹೋಗಿ ಬಾಗಿಲ ಮುಂದೆ ಮೊಣಕಾಲೂರಿದ. ನಾಗೇಂದ್ರನ ತಾಯಿ ಪುಟ್ಟಲಿಂಗಮ್ಮ ಬಾಗಿಲು ತೆಗೆದಳು. ಯಾರೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ತಿಳಿದ ಮೇಲೆ ಚಪ್ಪಲಿ ತೆಗೆದುಕೊಂಡು ಮುಖಕ್ಕೆ ಬಾರಿಸಿದಳು. ಅವಳು ಸೋತು ಕೂತಾಗ ಒಳಗಿಂದ ನಾಗೇಂದ್ರನ ಭಾವ ಚಂದ್ರು ಮರದ ಮಣೆ ತಂದು ಬೆನ್ನಿಗೆ, ಕಿವಿಗೆ ಹೊಡೆದ. ನಾಗೇಂದ್ರ ಹೊಡೆಯಲಿಲ್ಲ. ಹೊಸಿಲ ಮೇಲೆ ನಿಂತು ನೋಡಿದ. ಸಿದ್ದಪ್ಪಾಜಿ ಕೈ ಎತ್ತಲಿಲ್ಲ, ಮುಖವನ್ನೂ ಮುಚ್ಚಿಕೊಳ್ಳಲಿಲ್ಲ.

ರಕ್ತ ಸುರಿಸಿಕೊಂಡು ನನ್ನ ಮನೆಗೆ ಬಂದ. ಕಿವಿ ಹರಿದಿತ್ತು, ಎರಡು ಹಲ್ಲು ಅಲ್ಲಾಡುತ್ತಿದ್ದವು. ನಾನು ಹೊಲಿಗೆ ಹಾಕುತ್ತಾ ಬಾಯಿಗೆ ಬಂದಂತೆ ಬೈದೆ. "ಯಾರು ಹೇಳಿದ್ರು ಹೋಗು ಅಂತ? ಅವರ ಮನೆ ಬಾಗಿಲಲ್ಲಿ ನಿನ್ನ ಮುಖ ನೋಡೋ ಕರ್ಮ ಅವರಿಗ್ಯಾಕೆ?"

"ಅಯ್ಯನೋರು ಏಳಿದ್ರಲ್ಲ ಸಿಸ್ಟರ್, ಮೊದ್ಲು ಓಗಿ ಸರಿಮಾಡ್ಕೊ ಅಂತ."

ಅಯ್ಯನವರ ಹತ್ತಿರ ಹೋಗಿ ಜಗಳವಾಡಿದೆ. ಅವರು ಕಣ್ಣು ಮುಚ್ಚಿ, "ದೇವರ ಸಮಯಕ್ಕೆ ಕಾಯಬೇಕಮ್ಮ" ಎಂದರು. ನನಗೆ ಆ ಮಾತು ಕೇಳಿದರೆ ಆಗುವುದಿಲ್ಲ. ಮಕ್ಕಳಾಗದವಳಿಗೆ ಅದೇ, ಮದುವೆಯಾಗದವಳಿಗೆ ಅದೇ, ಕ್ಯಾನ್ಸರಿನವನಿಗೆ ಅದೇ. ಮಾತು ಮುಗಿಸಿ ಊಟಕ್ಕೆ ಏಳಬೇಕಾದವರು ಹೇಳುವ ಮಾತು ಅದು. ಆದರೆ ಸಿದ್ದಪ್ಪಾಜಿಗೆ ಅದು ಹಿಡಿಸಿತು. "ಸಮಯ ಅಂತ ಒಂದೈತೆ ಅಂದ್ರೆ ಬಂದೇ ಬತ್ತದೆ" ಎಂದ. ಮುಂದಿನ ಶುಭ ಶುಕ್ರವಾರ ಮತ್ತೆ ಹೋದ.

ಹೀಗೇ ವರ್ಷ ವರ್ಷವೂ. ಒಂದು ವರ್ಷ ಪುಟ್ಟಲಿಂಗಮ್ಮ ಕುದಿಯುವ ನೀರು ಎರಚಿದಳು. ಭುಜದಿಂದ ಮೊಣಕೈವರೆಗೆ ಚರ್ಮ ಸುಲಿದು ಬಂತು. ಇನ್ನೊಂದು ವರ್ಷ ಚಂದ್ರು ಸೈಕಲ್ ಚೈನಿನಲ್ಲಿ ಹೊಡೆದು ಹಣೆ ಸೀಳಿದ. ಬೀದಿಯವರಿಗೆ ಅದೊಂದು ವಾಡಿಕೆಯಾಯಿತು. ಮಕ್ಕಳು ಕಾಂಪೌಂಡಿನ ಮೇಲೆ ಹತ್ತಿ ಕಾಯುತ್ತಿದ್ದರಂತೆ. ನಾನು ಆ ದಿನ ಹತ್ತಿ, ಬ್ಯಾಂಡೇಜು, ಹೊಲಿಗೆಯ ಸೂಜಿ ಸಿದ್ಧಮಾಡಿಟ್ಟುಕೊಂಡು ಕೂರುತ್ತಿದ್ದೆ. ಸಭೆಯಲ್ಲಿ ಕೆಲವರು ಅವನನ್ನು ಸಾಧು ಎಂದು ಕರೆಯತೊಡಗಿದರು, ಕೆಲವರು ಹುಚ್ಚ ಎಂದರು. ನಾನು ಎರಡನೆಯ ಗುಂಪಿನವಳು. ಕೊರೊನಾ ವರ್ಷ ಮಾತ್ರ ಊರೆಲ್ಲ ಬಂದ್ ಆಗಿ, ಪೊಲೀಸರು ಲಾಠಿ ಹಿಡಿದು ನಿಂತಿದ್ದರಿಂದ ಅವನು ಹೋಗಲಾಗಲಿಲ್ಲ. ಅಂಗಡಿಯಲ್ಲೇ ಕೂತು ಉಪವಾಸ ಮಾಡಿದ.

ಮಾರನೆಯ ವರ್ಷ ಮತ್ತೆ ಹೋಗಿ ಪಕ್ಕೆಲುಬು ಮುರಿಸಿಕೊಂಡು ಬಂದ. ಅದಾದ ವಾರಕ್ಕೆ ನನ್ನ ಮನೆಗೆ ಒಬ್ಬ ಹೆಂಗಸು ಬಂದಳು. ಸೆರಗನ್ನು ಕತ್ತಿನ ಸುತ್ತ ಬಿಗಿಯಾಗಿ ಹೊದ್ದಿದ್ದಳು.

"ನಾನು ಕೀರ್ತಿ. ನಾಗೇಂದ್ರನ ಎಂಡ್ತಿ. ಆವಯ್ಯ ಏಟು ತಿಂದು ನಿಮ್ತಾವ ಬಂದು ಪಟ್ಟಿ ಕಟ್ಟಿಸ್ಕತಾನೆ ಅಂತ ಚಂದ್ರಣ್ಣ ಏಳ್ದ. ಅವನ್ಗೆ ಒಸಿ ಏಳಿ ಕಣಮ್ಮ, ಇನ್ಮೇಲೆ ಬರ್ಬೇಡ ಅಂತ."

"ಯಾಕಮ್ಮ?" ಎಂದೆ.

ಅವಳು ಸೆರಗು ಸರಿಸಿದಳು. ಕತ್ತಿನ ಎರಡೂ ಬದಿ ಐದು ಬೆರಳಿನ ಗುರುತು ಕಪ್ಪಾಗಿ ಕೂತಿತ್ತು. ಕೆಳಗೆ ಎದೆಯ ಮೇಲೆ ಹಳದಿಗೆ ತಿರುಗಿದ ಬಾಸುಂಡೆ. ನಾನು ಆಸ್ಪತ್ರೆಯಲ್ಲಿ ಇಂಥವು ಬೇಕಾದಷ್ಟು ನೋಡಿದವಳು.

"ಬ್ಯಾರೆ ದಿನ ನನ್ ಗಂಡ ಕೈ ಎತ್ತಲ್ಲ. ಆವಯ್ಯ ಬಂದ್ ಓದ ದಿನ ಮಾತ್ರ ಇದ್ದೋನು ಇದ್ದಂಗಿರಲ್ಲ. ಕುಡೀತಾನೆ. ಇಲ್ದಿರೋ ಕೈಯಿ ನೋಯ್ತದೆ ಅಂತಾನೆ. ಇರೋ ಕೈಯಿಂದ ನನ್ ಇಡ್ಕತಾನೆ. ಒಂದ್ ವಾರ ಇಂಗೇ. ಕೊರೊನಾ ವರ್ಸ ಆವಯ್ಯ ಬರ್ಲಿಲ್ಲ ನೋಡಿ, ಆ ವರ್ಸ ನಂಗೆ ಒಂದ್ ಏಟೂ ಬೀಳ್ಲಿಲ್ಲ."

ಪೊಲೀಸ್ ಠಾಣೆಗೆ ಹೋಗೋಣ ನಡಿ ಎಂದೆ. ಬೇಡವೇ ಬೇಡ ಎಂದಳು. ತಾನು ಇಲ್ಲಿಗೆ ಬಂದದ್ದು ಗಂಡನಿಗೆ ತಿಳಿದರೆ ಉಳಿಯುವುದಿಲ್ಲ ಎಂದಳು. ಕಾಫಿಯನ್ನೂ ಕುಡಿಯದೆ ಹೋದಳು.

ನಾನು ಅಂದೇ ಪಂಕ್ಚರ್ ಅಂಗಡಿಗೆ ಹೋಗಿ ಹೇಳಿದೆ. ಮೆತ್ತಗೆ ಹೇಳಲಿಲ್ಲ. "ನೀನು ಇಲ್ಲಿ ಕ್ಷಮೆ ಕ್ಷಮೆ ಅಂತ ಏಟು ತಿಂದು ಪುಣ್ಯ ಕಟ್ಕೋತಿದ್ದೀಯ, ಅಲ್ಲಿ ಆ ಹೆಣ್ಣುಮಗಳ ಕತ್ತು ಹಿಸುಕ್ತಿದ್ದಾರೆ" ಎಂದೆ. ಅವನು ಮೊದಲು ಅರ್ಥವಾಗದವನಂತೆ ನೋಡಿದ. ಆಮೇಲೆ ತಿರುಗಿ ಹಣೆಯನ್ನು ಷಟರಿಗೆ ಚಚ್ಚಿಕೊಳ್ಳತೊಡಗಿದ. ಬೀದಿಯವರೆಲ್ಲ ತಿರುಗಿ ನೋಡುವಷ್ಟು ಸದ್ದು. ಹಳೆಯ ಗಾಯ ಬಾಯ್ಬಿಟ್ಟು ರಕ್ತ ಕಣ್ಣಿಗೆ ಇಳಿಯಿತು. ನಾನು ಕಾಲರು ಹಿಡಿದು ಎಳೆದು ಕೆನ್ನೆಗೆ ಒಂದು ಬಿಟ್ಟೆ. ಆಗ ನಿಂತ.

"ಇಷ್ಟ್ ವರ್ಸ ನಾನು ಕಾಯ್ತಾವ್ನಿ ಅನ್ಕಂಡಿದ್ದೆ. ಬಾಗ್ಲು ಒಡೀತಿದ್ದೆ ಸಿಸ್ಟರ್" ಎಂದ.

ಅಂದಿನಿಂದ ಹೋಗುವುದನ್ನು ನಿಲ್ಲಿಸಿದ. ನನಗೆ ಗೊತ್ತು, ಏಟು ತಿನ್ನುವುದಕ್ಕಿಂತ ಅದು ಕಷ್ಟವಾಗಿತ್ತು. ಮುಂಚೆ ವರ್ಷಕ್ಕೊಂದು ದಿನವಾದರೂ ಮಾಡುವುದಕ್ಕೆ ಏನೋ ಒಂದಿತ್ತು. ಈಗ ಶುಭ ಶುಕ್ರವಾರ ಆರಾಧನೆ ಮುಗಿದ ಮೇಲೆ ಅವನು ಹಿಂದಿನ ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಎಲ್ಲರೂ ಹೋದರೂ ಕೂತಿರುತ್ತಿದ್ದ. ಎದ್ದರೆ ಕಾಲುಗಳು ವಿದ್ಯಾರಣ್ಯಪುರಂ ಕಡೆಗೇ ಹೋಗುತ್ತವೆ ಎಂಬ ಭಯ. ಪುಟ್ಟಲಿಂಗಮ್ಮ ತೀರಿಕೊಂಡ ಸುದ್ದಿ ಬಂದಾಗಲೂ ಹೋಗಲಿಲ್ಲ. ಇವನಿಗೆ ದೇವರ ಸಮಯ ಬರುವುದಿಲ್ಲ, ಬರುವ ದಾರಿಯನ್ನೂ ಮುಚ್ಚಿಯಾಯಿತು ಎಂದುಕೊಂಡೆ. ಅವನಿಗೆ ಹೇಳಲಿಲ್ಲ.

ಕಳೆದ ವರ್ಷ ಶುಭ ಶುಕ್ರವಾರದ ಮಾರನೆಯ ದಿನ ನನ್ನ ಸ್ಕೂಟರಿನ ಚಕ್ರಕ್ಕೆ ಗಾಳಿ ಹಾಕಿಸಲು ಅಂಗಡಿಗೆ ಹೋಗಿದ್ದೆ. ಅವನು ಕುಕ್ಕರಗಾಲಿನಲ್ಲಿ ಕೂತು ಗಾಳಿ ಹಾಕುತ್ತಿದ್ದ. ಒಬ್ಬ ನಡೆದುಬಂದು ಅವನ ಮುಂದೆ ನಿಂತ. ಬಲಗೈಯ ಅಂಗಿ ತೋಳನ್ನು ಮಡಚಿ ಪಿನ್ನು ಹಾಕಿತ್ತು. ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಯಾಕೋ ಬರ್ಲಿಲ್ಲ?" ಎಂದ ನಾಗೇಂದ್ರ.

ಸಿದ್ದಪ್ಪಾಜಿ ತಲೆ ಎತ್ತಿದ.

"ನಿನ್ನೇನೂ ಬರ್ಲಿಲ್ಲ. ಓದ್ ವರ್ಸಾನೂ ಇಲ್ಲ. ಯಾಕೋ? ಮರ್ತ್‌ಬುಟ್ಯಾ? ನನ್ ಕೈ ಬೆಳ್ಕಂಬುಡ್ತು ಅನ್ಕಂಡ್ಯಾ?"

ಟೈರು ಬಿಚ್ಚುವ ಕಬ್ಬಿಣದ ಪಟ್ಟಿ ಅಲ್ಲೇ ಬಿದ್ದಿತ್ತು. ನಾಗೇಂದ್ರ ಅದನ್ನು ಎಡಗೈಯಲ್ಲಿ ಎತ್ತಿಕೊಂಡ. ಮೊದಲ ಏಟು ಕುತ್ತಿಗೆಯ ಮೂಳೆಗೆ ಬಿತ್ತು. ಎರಡನೆಯದು ಬಾಯಿಗೆ.

"ನಮ್ಮವ್ವ ಸಾಯ್ವಾಗ ಕೇಳುದ್ಲು ಕಣೋ. ಆ ಬಡ್ಡಿಮಗ ಈ ವರ್ಸ ಬರ್ಲಿಲ್ವಾ, ಬಂದ್ರೆ ಒಳೀಕ್ಕೆ ಕರಿ, ಒಂದ್ ಮಾತು ಏಳ್ಬೇಕು ಅಂದ್ಲು. ಯಾವ್ ಮಾತೋ ಅವಳ್ ಜತೇಲೇ ಓಯ್ತು. ಯಾಕ್ ಬರ್ಲಿಲ್ಲ, ಬೊಗ್ಳು!"

ಒಂದು ಮಾತು ಸಾಕಾಗಿತ್ತು. ನಿನ್ನ ಹೆಂಡತಿಗೆ ಏಟು ಬೀಳುತ್ತೆ ಅಂತ ಬರಲಿಲ್ಲ ಎಂದರೆ ಮುಗಿಯುತ್ತಿತ್ತು. ನಾನು ಛತ್ರಿಯಿಂದ ನಾಗೇಂದ್ರನ ಬೆನ್ನಿಗೆ ಹೊಡೆಯುತ್ತಾ, "ನಿಲ್ಲಿಸಯ್ಯಾ, ನಾನು ಹೇಳ್ತೀನಿ" ಎಂದು ಕೂಗಿದೆ. ನೆಲದ ಮೇಲೆ ಬಿದ್ದಿದ್ದವನು ರಕ್ತ ತುಂಬಿದ ಬಾಯಲ್ಲಿ, "ಸಿಸ್ಟರ್, ಬ್ಯಾಡಿ, ನಿಮ್ ದಮ್ಮಯ್ಯ" ಎಂದ. ಕೀರ್ತಿಯ ಕತ್ತು ನೆನಪಾಯಿತು. ನಾನು ಬಾಯಿ ಮುಚ್ಚಿದೆ.

"ಮರ್ತೆ ಅಣ್ಣ" ಎಂದ ಸಿದ್ದಪ್ಪಾಜಿ. "ತಪ್ಪಾಯ್ತು. ಮರ್ತ್‌ಬುಟ್ಟೆ."

ಆಗ ಬಿದ್ದ ಏಟುಗಳನ್ನು ನಾನು ಬರೆಯಲಾರೆ. ಬಲಗೈ ಮೂಳೆ ಮುರಿದ ಸದ್ದು ಕೇಳಿಸಿತು. ಸುತ್ತ ನಿಂತವರು ಬಿಡಿಸುವ ಬದಲು ಮೊಬೈಲ್ ಹಿಡಿದಿದ್ದರು. ಕೊನೆಗೆ ನಾಗೇಂದ್ರನೇ ಪಟ್ಟಿ ಬಿಸಾಡಿ, ಜೋರಾಗಿ ಅಳುತ್ತಾ ಹೊರಟುಹೋದ.

ದೊಡ್ಡಾಸ್ಪತ್ರೆಯಲ್ಲಿ ಪೊಲೀಸಿನವರು ಕೇಳಿದಾಗ, ಜಾಕ್ ಜಾರಿ ಕಾರು ಮೇಲೆ ಬಿತ್ತು ಎಂದ. ರೊಟ್ಟಿ ಮುಟ್ಟಲು ಹೆದರುವ ಮನುಷ್ಯ ಸುಳ್ಳನ್ನು ಎಷ್ಟು ಸಲೀಸಾಗಿ ಹೇಳಿದನೆಂದರೆ ನನಗೇ ನಂಬಬೇಕೆನಿಸಿತು. ಅವರು ಹೋದ ಮೇಲೆ ನನ್ನ ಕೈ ಹಿಡಿದುಕೊಂಡು, "ಅವನಾಗೇ ಬಂದ್ನಲ್ಲ ಸಿಸ್ಟರ್. ನಾನ್ ಕರೀದೆ ಬಂದ" ಎಂದ. ಮುಖ ಊದಿ ಕುಂಬಳಕಾಯಿಯಾಗಿತ್ತು, ಅದರೊಳಗೆ ನಗುತ್ತಿದ್ದ. ಆಮೇಲೆ ಗಾಬರಿಯಾಗಿ, "ಮೊದ್ಲು ಅವ್ರ್ ಮನೇಗ್ ಓಗಿ. ಆಯಮ್ಮ ಎಂಗವ್ರೋ ನೋಡಿ" ಎಂದ.

ಹೋದೆ. ಸಂಜೆ ದೀಪ ಹಚ್ಚುವ ಹೊತ್ತು. ನಾಗೇಂದ್ರ ಹಜಾರದಲ್ಲಿ ಗೋಡೆಗೊರಗಿ ಕೂತಿದ್ದ. ಕುಡಿದಿರಲಿಲ್ಲ.

"ಬದ್ಕವ್ನಾ?" ಎಂದ.

"ಬದುಕಿದ್ದಾನೆ. ಪೊಲೀಸಿಗೆ ನಿನ್ನ ಹೆಸರು ಹೇಳಲಿಲ್ಲ. ಒಂದು ಲೋಟ ನೀರು ಕೊಡಿಸು, ನಾನು ಇಲ್ಲೇ ಕೂತಿರ್ತೀನಿ" ಎಂದು ಕುರ್ಚಿ ಎಳೆದುಕೊಂಡೆ. ನಾನಿರುವಷ್ಟು ಹೊತ್ತಾದರೂ ಅವಳ ಮೇಲೆ ಕೈ ಎತ್ತಲಾರ ಎಂಬುದಷ್ಟೇ ನನ್ನ ಲೆಕ್ಕ.

"ಯಾಕ್ ಬರ್ಲಿಲ್ಲ ಅವ್ನು? ಮರೆಯೋ ಆಸಾಮಿ ಅಲ್ಲ. ನಿಮ್ಗೊತ್ತು, ಏಳಿ."

ಅಡುಗೆಮನೆಯ ಬಾಗಿಲಿಗೆ ಬಂದ ಕೀರ್ತಿಯ ಕೈಯಲ್ಲಿ ನೀರಿನ ಲೋಟವಿತ್ತು.

"ನಾನೇ ಬ್ಯಾಡ ಅಂದೆ" ಎಂದಳು. "ಇವ್ರ್ ಮನೇಗೆ ನಾನೇ ಓಗಿದ್ದೆ. ಅವ್ನು ಬಂದಾಗೆಲ್ಲ ನೀನು ಅವನ್ನ ಒಡಿಯೋದ್ ನೋಡ್ಕಂಡು ನಿಂತ್ಕತಿದ್ದೆ, ಆಮೇಲೆ ಒಳೀಕ್ ಬಂದು ನನ್ನ ಒಡೀತಿದ್ದೆ. ಸಾಯ್ತಿದ್ದೆ ನಾನು. ಅದ್ಕೇ ಬ್ಯಾಡ ಅಂದೆ."

ನಾಗೇಂದ್ರ ಎದ್ದ. ನಾನೂ ಎದ್ದೆ, ಇಬ್ಬರ ನಡುವೆ ಹೋಗಿ ನಿಂತೆ. "ಹೊಡಿಯೋದಾದರೆ ನನ್ನಿಂದ ಶುರುಮಾಡು" ಎಂದೆ.

ಎತ್ತಿದ ಎಡಗೈ ಎತ್ತಿದಂತೆಯೇ ಇತ್ತು. ಕಬ್ಬಿಣ ಬೀಸಿ ಬೀಸಿ ಅಂಗೈ ಕಿತ್ತು ರಕ್ತ ಒಸರುತ್ತಿತ್ತು. "ಅಂಗಾದ್ರೆ ಅವ್ನು ಮರ್ತಿರ್ಲಿಲ್ಲ" ಎಂದ. ಕೈ ತಾನಾಗಿಯೇ ಕೆಳಗಿಳಿಯಿತು. ಆಮೇಲೆ ಅವನು ತನ್ನ ತಲೆಯನ್ನು ತಾನೇ ಗೋಡೆಗೆ ಬಡಿದುಕೊಂಡ. ಕೀರ್ತಿ ನೀರಿನ ಲೋಟವನ್ನು ಅವನಿಗೆ ಕೊಡಲಿಲ್ಲ, ನನಗೆ ಕೊಟ್ಟಳು. ಬಾಗಿಲ ತನಕ ಬಂದವಳ ಕೈಗೆ ನನ್ನ ಫೋನ್ ನಂಬರು ಕೊಟ್ಟು, ಅವನು ಇನ್ನೊಂದು ಸಲ ಕೈ ಎತ್ತಿದರೆ ಠಾಣೆಗೆ ನಾನೇ ಹೋಗುತ್ತೇನೆ ಎಂದು ಅವನಿಗೂ ಕೇಳಿಸುವಂತೆ ಹೇಳಿ ಬಂದೆ.

ಸೋಮವಾರ ನಾಗೇಂದ್ರ ಆಸ್ಪತ್ರೆಗೆ ಬಂದ. ಮಂಚದ ಕಾಲಬಳಿ ನಿಂತು ಬಹಳ ಹೊತ್ತು ಪ್ಲಾಸ್ಟರ್ ಹಾಕಿದ ಆ ಬಲಗೈಯನ್ನೇ ನೋಡಿದ.

"ಕೀರ್ತಿ ಏಳುದ್ಲು. ನೀನು ಬಾಯಿ ಬುಟ್ಟಿದ್ರೆ ಏಟು ತಪ್ತಿತ್ತಲ್ಲೋ."

"ಅವ್ರಿಗ್ ಬೀಳ್ತಿತ್ತಲ್ಲ ಅಣ್ಣ" ಎಂದ ಸಿದ್ದಪ್ಪಾಜಿ.

ನಾಗೇಂದ್ರ ಮುಖ ಒರೆಸಿಕೊಂಡ. "ನಂದು ಮುಗೀತು ಕಣೋ. ಕ್ಷಮಿಸಿವ್ನಿ. ಇನ್ನು ನನ್ ಋಣ ನಿನ್ ಮೇಲಿಲ್ಲ" ಎಂದು ಹೇಳಿ, ಉತ್ತರಕ್ಕೂ ಕಾಯದೆ ಹೋದ. ಸಿದ್ದಪ್ಪಾಜಿ ದಿಂಬಿಗೆ ಮುಖ ಒತ್ತಿಕೊಂಡು ಅತ್ತ. ನಾನೂ ಅತ್ತೆ, ನಾಚಿಕೆಯಿಲ್ಲದೆ, ವಾರ್ಡಿನವರೆಲ್ಲ ನೋಡುವಂತೆ. ದೇವರ ಸಮಯ ಎಂಬುದನ್ನು ಅಷ್ಟು ವರ್ಷ ಹೀಯಾಳಿಸಿದವಳು ಅಂದು ಹೀಯಾಳಿಸಲಿಲ್ಲ.

ಮುಂದಿನ ಮೊದಲ ಭಾನುವಾರ ನಾನು ರೊಟ್ಟಿಯನ್ನು ಎರಡು ಸಲ ಕತ್ತರಿಸಿದೆ, ಮೊದಲನೆಯದು ಅಂಕುಡೊಂಕಾಯಿತೆಂದು. ಅವನು ಮುರಿದ ಕೈಯನ್ನು ಜೋಳಿಗೆಯಲ್ಲಿ ತೂಗುಹಾಕಿಕೊಂಡು ಬಂದ. ಅಯ್ಯನವರು ಆ ಮಾತು ಹೇಳಿದರು. ಸಾಲುಸಾಲಾಗಿ ಎಲ್ಲರೂ ಎದ್ದರು. ನಾನು ಮುಂದಿನಿಂದ ತಿರುಗಿ ನೋಡುತ್ತಲೇ ಇದ್ದೆ. ಅವನು ಏಳಲಿಲ್ಲ.

ಆರಾಧನೆ ಮುಗಿದದ್ದೇ ಹೋಗಿ ಹಿಡಿದುಕೊಂಡೆ. "ಇನ್ನೇನಯ್ಯಾ ನಿಂದು? ಅವನೇ ಬಂದು ಹೇಳಿ ಹೋದನಲ್ಲ!"

"ಅವನ್ ಏಳ್ದ ಸಿಸ್ಟರ್. ಆಯಮ್ಮ ಏಳಿಲ್ವಲ್ಲ" ಎಂದ. "ಅಷ್ಟ್ ವರ್ಸ ಅವ್ರಿಗ್ ಬಿದ್ ಏಟು ನನ್ನಿಂದ್ಲೇ ಅಲ್ವಾ. ಒಬ್ರಿಗ್ ಮಾಡಿದ್ ತಪ್ಪು ಅನ್ಕಂಡಿದ್ದೆ. ಇಬ್ರಿಗ್ ಮಾಡ್‌ಬುಟ್ಟಿವ್ನಿ."

"ಹಾಗಾದರೆ ನಾನು ಹೋಗಿ ಕೀರ್ತಿನ ಕೇಳಿ ಬರ್ತೀನಿ, ಇವತ್ತೇ."

"ಬ್ಯಾಡಿ. ನೀವೂ ಓಗ್ಬೇಡಿ, ನಾನೂ ಓಗಲ್ಲ. ಬಾಗ್ಲು ಬಡ್ದಿದ್ ಸಾಕು ಅವ್ರಿಗೆ. ಬರ್ಬೇಕು ಅನ್ಸುದ್ರೆ ಬತ್ತಾರೆ. ಅನ್ಸದೆ ಇದ್ರೆ ಅದೂ ಸರಿಯೇ. ನಾನ್ ಇಲ್ಲೇ ಇರ್ತೀನಿ."

ನನಗೆ ಅವನ ಕೆನ್ನೆಗೆ ಇನ್ನೊಂದು ಬಿಡಬೇಕೆನಿಸಿತು. ಒಬ್ಬ ಮನುಷ್ಯನ ಮೇಲೆ ನನಗೆ ಅಷ್ಟು ಕೋಪವೂ ಅಷ್ಟು ಗೌರವವೂ ಒಟ್ಟಿಗೆ ಬಂದದ್ದಿಲ್ಲ. ವರ್ಷ ದಾಟಿತು. ಗಂಡ ಮತ್ತೆ ಕೈ ಎತ್ತಿಲ್ಲವೆಂದು ಕೀರ್ತಿ ಆಗಾಗ ಫೋನು ಮಾಡಿ ಹೇಳುತ್ತಾಳೆ. ಸಿದ್ದಪ್ಪಾಜಿಯ ಹೆಸರನ್ನು ಮಾತ್ರ ಎತ್ತುವುದಿಲ್ಲ. ಅವನು ಬೇಡವೆಂದದ್ದಕ್ಕೆ ಕಟ್ಟುಬಿದ್ದು ನಾನೂ ಎತ್ತುವುದಿಲ್ಲ, ನಾಲಿಗೆ ಕಚ್ಚಿಕೊಂಡು ಇರುತ್ತೇನೆ.

ಈ ತಿಂಗಳು ಅಯ್ಯನವರು ಆ ಮಾತು ಹೇಳಿ ಮುಗಿಸಿದಾಗ ಎಲ್ಲರೂ ಎದ್ದು ಮುಂದಕ್ಕೆ ಹೊರಟರು. ನಾನೂ ಎದ್ದೆ. ಹಿಂದಕ್ಕೆ ನಡೆದು ಹೋಗಿ ಅವನ ಪಕ್ಕದಲ್ಲಿ ಕೂತೆ.

ಅವನಿಗೆ ಗಾಬರಿಯಾಯಿತು. "ಸಿಸ್ಟರ್, ನೀವು ಓಗಿ, ನಿಮ್ದೇ ರೊಟ್ಟಿ" ಎಂದು ಪಿಸುಗುಟ್ಟಿದ.

"ಸುಮ್ನೆ ಕೂತ್ಕೋ. ಅವಳು ಬಂದಾಗ ಇಬ್ಬರೂ ಹೋಗೋಣ" ಎಂದೆ.